ಮೋಡದಲ್ಲಿಟ್ಟ ಬೆಲ್ಲದ ಲೆಕ್ಕ

ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಟಿರುವ ಗೆಳೆಯನೊಬ್ಬ ಖಾತೆ ಪುಸ್ತಕ ಬಿಟ್ಟು ಲೆಕ್ಕವನ್ನೆಲ್ಲ ಇಂಟರ್ನೆಟ್ಟಿನಾಚೆಯ ಕಂಪನಿಯೊಂದರ ಕಂಪ್ಯೂಟರುಗಳಿಗೆ, ಅಂದರೆ ಕ್ಲೌಡ್‌ಗೆ ಹಾಕಿದ. ಅಚ್ಚು, ಕುರಿಕಾಲಚ್ಚು, ಬಕೆಟ್ ಬೆಲ್ಲ ಯಾವ ಆಲೆಮನೆಯಿಂದ ಎಷ್ಟು ಬಂತು, ಯಾರಿಗೆ ಎಷ್ಟು ಮುಂಗಡ ಹೋಯಿತು, ಎಲ್ಲ ಮೊಬೈಲಿನಲ್ಲೇ. ಒಂದು ದಿನ ಗುಮಾಸ್ತನ ಫೋನಿನಲ್ಲಿ ಜಾಗ ಸಾಲದೆ ಹೋಯಿತು. ಹಳೆಯ ಫೋಲ್ಡರೊಂದನ್ನು ಅಳಿಸಿದ. ತನ್ನ ಫೋನಿನಿಂದ ಮಾತ್ರ ಹೋಗುತ್ತದೆ ಅಂದುಕೊಂಡಿದ್ದ, ಪಾಪ. ವಿಷಯ ಗೊತ್ತಾದದ್ದು ಎರಡು ತಿಂಗಳ ಮೇಲೆ, ರೈತರೊಬ್ಬರು ಮುಂಗಡದ ಲೆಕ್ಕ ಕೇಳಲು ಬಂದಾಗ. ಅವರ ಜೇಬಿನಲ್ಲಿ ಚೀಟಿ ಇತ್ತು; ಮಂಡಿಯಲ್ಲಿ ಏನೂ ಇರಲಿಲ್ಲ.

ಆಗಿದ್ದಿಷ್ಟು. ಫೋನು, ಕಂಪ್ಯೂಟರು, ಕ್ಲೌಡು ಮೂರನ್ನೂ ಒಂದೇ ಸ್ಥಿತಿಯಲ್ಲಿಡುವುದು ಸಿಂಕ್‌ನ ಕೆಲಸ. ಒಂದು ಕಡೆ ಬರೆದರೆ ಎಲ್ಲ ಕಡೆ ಬರೆಯುತ್ತದೆ, ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಸುತ್ತದೆ. ಕನ್ನಡಿಯೊಳಗಿನ ಗಂಟು ಅನ್ನುತ್ತೇವಲ್ಲ, ಹಾಗೆ: ಹೊರಗಿನ ಗಂಟು ಹೋದರೆ ಒಳಗಿನದೂ ಹೋಯಿತು. ಅಳಿಸಿದ್ದನ್ನು ಗೂಗಲ್ ಡ್ರೈವ್ ಕಸದ ಬುಟ್ಟಿಯಲ್ಲಿ 30 ದಿನ ಇಡುತ್ತದೆ. ಜಿಎಸ್‌ಟಿ ಕಾನೂನು ಲೆಕ್ಕಪತ್ರಗಳನ್ನು 72 ತಿಂಗಳು ಇಡಿ ಅನ್ನುತ್ತದೆ. ಈ ಎರಡು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದ ವ್ಯಾಪಾರಿಗಳು ನನಗೆ ಸಿಕ್ಕಿದ್ದು ಕಡಿಮೆ.

ದೊಡ್ಡ ಕಂಪನಿಗಳು ಒಂದೇ ಕಡತವನ್ನು ಹಲವು ಡಿಸ್ಕ್‌ಗಳಲ್ಲಿ ಇಡುತ್ತವೆ, ನಿಜ. ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ. ಆದರೆ ಅಳಿಸು ಎಂಬ ಆದೇಶ ಬಂದರೆ ಎಲ್ಲ ಪ್ರತಿಗಳೂ ವಿಧೇಯವಾಗಿ ಅಳಿಯುತ್ತವೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಗೆ ಆದದ್ದೂ ಇದೇ. ಗೂಗಲ್ ಕ್ಲೌಡ್‌ನಲ್ಲಿ ಅವರ ವ್ಯವಸ್ಥೆ ಕಟ್ಟುವಾಗ ಗೂಗಲ್‌ನ ಸಿಬ್ಬಂದಿಯೇ ಒಂದು ಖಾನೆ ಖಾಲಿ ಬಿಟ್ಟಿದ್ದರು. ಖಾಲಿ ಖಾನೆಯನ್ನು ಯಂತ್ರ ‘ಒಂದು ವರ್ಷದ ಅವಧಿ’ ಎಂದು ಓದಿಕೊಂಡಿತು. ವರ್ಷ ತುಂಬಿದಾಗ ಆ ವ್ಯವಸ್ಥೆಯನ್ನು ತಾನಾಗಿಯೇ ಅಳಿಸಿತು. 5 ಲಕ್ಷಕ್ಕೂ ಹೆಚ್ಚು ಸದಸ್ಯರು ಒಂದು ವಾರದಷ್ಟು ಕಾಲ ತಮ್ಮ ಖಾತೆ ನೋಡಲಾಗದೆ ಕುಳಿತರು. ಯಾರೋ ಜಾಣರು ಬೇರೊಂದು ಕಂಪನಿಯಲ್ಲೂ ಬ್ಯಾಕಪ್, ಅಂದರೆ ಪ್ರತ್ಯೇಕ ಪ್ರತಿ, ಇಟ್ಟಿದ್ದರು, ನೆರವಾಯಿತು. ದಕ್ಷಿಣ ಕೊರಿಯಾಕ್ಕೆ ಆ ಭಾಗ್ಯ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಡೇಜಾನ್‌ನ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು ನೌಕರರ 858 ಟೆರಾಬೈಟ್ ಕಡತ ಸುಟ್ಟುಹೋಯಿತು. ಗಾತ್ರ ದೊಡ್ಡದೆಂದು ಹೊರಗೆ ಪ್ರತಿ ಇಟ್ಟಿರಲಿಲ್ಲ.

ದತ್ತಾಂಶ ಕಾಯುವ ಕ್ಷೇತ್ರದವರ ಲೆಕ್ಕ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲೋ ಬೇರೆ ಕಟ್ಟಡದಲ್ಲೋ. ಇಟ್ಟರೆ ಸಾಲದು, ತೆರೆದೂ ನೋಡಬೇಕು. 2017ರಲ್ಲಿ ಗಿಟ್‌ಲ್ಯಾಬ್ ಕಂಪನಿಯ ದತ್ತಾಂಶ ತಪ್ಪಿ ಅಳಿದಾಗ, ಬ್ಯಾಕಪ್‌ಗೆಂದು ಮಾಡಿಕೊಂಡಿದ್ದ ಒಂದೊಂದೇ ಏರ್ಪಾಡು ಕೈಕೊಟ್ಟಿತು.

ಗೆಳೆಯ ಈಗ ಶನಿವಾರ ಮಂಡಿ ಮುಚ್ಚುವ ಮುಂಚೆ ಎಲ್ಲವನ್ನೂ ಹಾರ್ಡ್‌ಡಿಸ್ಕ್‌ಗೆ ಇಳಿಸಿ, ತಂತಿ ಕಿತ್ತು, ಟಿಫನ್ ಕ್ಯಾರಿಯರ್ ಚೀಲದಲ್ಲಿ ಮನೆಗೆ ಒಯ್ಯುತ್ತಾನೆ. ತಂತಿ ಕೀಳುವುದೇ ಮುಖ್ಯ. ರ‍್ಯಾನ್ಸಮ್‌ವೇರ್ ಎಂಬ ಸುಲಿಗೆ ತಂತ್ರಾಂಶ ಹೊಕ್ಕರೆ ಜೋಡಿಸಿದ್ದಕ್ಕೆಲ್ಲ ಬೀಗ ಹಾಕಿ ಹಣ ಕೇಳುತ್ತದೆ. ತಿಂಗಳಿಗೊಮ್ಮೆ ಗುಮಾಸ್ತ ಅದರಿಂದ ಯಾವುದಾದರೂ ಒಂದು ಬಿಲ್ ತೆಗೆದು ತೋರಿಸಬೇಕು. ಯಾವುದು ಅಂತ ಗೆಳೆಯ ಮೊದಲೇ ಹೇಳುವುದಿಲ್ಲ.