ಗೋಡೆ ಎದ್ದ ಮೇಲೆ ಕಲಾವಿದರನ್ನು ಹುಡುಕಬೇಡಿ

"ಸಾರ್, ಕಟ್ಟಡ ಮುಗೀತು. ಎದುರಿನ ಗೋಡೆ ಬೋಳು ಬೋಳಾಗಿದೆ. ಊರಿನ ಕಥೆ ಹೇಳೋ ಹಾಗೆ ಏನಾದ್ರೂ ಚಿತ್ರ ಬರೆಸಿಬಿಡಿ." ಕಟ್ಟಡಗಳ ವಿನ್ಯಾಸ ಮಾಡುವ ನನಗೆ ಉದ್ಘಾಟನೆಗೆ ಮೂರು ವಾರ ಇರುವಾಗ ಈ ಫೋನ್ ಬರುತ್ತದೆ. ಕಲೆ ಬೇಕೇ ಬೇಡವೇ ಎಂಬ ಚರ್ಚೆ ನನಗೆ ಬೇಡ. ಬೇಕು, ಅಷ್ಟೆ. ನನ್ನ ತಕರಾರು ಕರೆಯುವ ಹೊತ್ತಿನ ಬಗ್ಗೆ.

ಮೆಕ್ಸಿಕೋ ನಗರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯ ನೋಡಿ. 1950ರ ದಶಕದ ಕಟ್ಟಡ. ಪುಸ್ತಕಕ್ಕೆ ಬಿಸಿಲು ಆಗದು, ಹಾಗಾಗಿ ಪುಸ್ತಕದ ಮಹಡಿಗಳಿಗೆ ದೊಡ್ಡ ಕಿಟಕಿಗಳಿಲ್ಲ. ಅದರಿಂದಲೇ ನಾಲ್ಕೂ ಕಡೆ ಭಾರಿ ಗೋಡೆ ಸಿಕ್ಕಿತು. ಇದನ್ನು ರೂಪಿಸಿದವರಲ್ಲಿ ಒಬ್ಬರಾದ ಹುವಾನ್ ಓಗಾರ್ಮನ್ ಆರ್ಕಿಟೆಕ್ಟೂ ಹೌದು, ಚಿತ್ರಕಾರರೂ ಹೌದು. ಸುಮಾರು 4,000 ಚದರ ಮೀಟರ್ ತುಂಬ ದೇಶದ ಕಥೆ ಹರಡಿದರು. ಉತ್ತರದ ಗೋಡೆಯಲ್ಲಿ ಸ್ಪೇನಿನವರು ಬರುವ ಮುಂಚಿನ ಕಾಲ, ದಕ್ಷಿಣದಲ್ಲಿ ಬಂದ ಮೇಲಿನದು. ಬಣ್ಣ ಬಳಿಯಲಿಲ್ಲ. ದೇಶದ ಮೂಲೆ ಮೂಲೆಯಿಂದ ಸಹಜ ಬಣ್ಣದ ಕಲ್ಲು ತರಿಸಿ, ಚೂರು ಮಾಡಿ ಕೂರಿಸಿದರು. ಬಿಸಿಲಿಗೆ ಮಾಸುವ ಚಿಂತೆಯೇ ಇಲ್ಲ, ಅಲ್ವಾ?

ಗೋಡೆ ಎದ್ದ ಮೇಲೆ ಕರೆದರೆ ಇದ್ಯಾವುದೂ ಕೈಯಲ್ಲಿರುವುದಿಲ್ಲ. ಉಬ್ಬುಶಿಲ್ಪಕ್ಕೆ ಬೆಳಕು ಪಕ್ಕದಿಂದ ಬೀಳಬೇಕು, ನೇರ ಎದುರಿನಿಂದ ಬಿದ್ದರೆ ಉಬ್ಬೇ ಕಾಣದು. ಗೋಡೆ ಯಾವ ದಿಕ್ಕಿಗಿರಬೇಕು ಎಂಬುದು ಆಗಲೇ ತೀರ್ಮಾನವಾಗಿರುತ್ತದೆ. ಕಟ್ಟಡ ಹಿಗ್ಗಿ ಕುಗ್ಗಲು ಬಿಟ್ಟ ಸಂದು ಚಿತ್ರದ ಮಧ್ಯೆಯೇ ಹಾದುಹೋಗುತ್ತದೆ. ಹಸಿ ಪ್ಲಾಸ್ಟರ್ ಒಣಗಲು ಟೈಮ್ ಇಲ್ಲ. ಒಳಗಿನ ತೇವ ಗೋಡೆಯ ಉಪ್ಪನ್ನು ಹೊರಗೆ ತಂದು ಬಣ್ಣವನ್ನೇ ಕಿತ್ತುಬಿಡುತ್ತದೆ. ಎಲ್ಲ ಕಡೆ ಹೀಗೇ ಆಗುತ್ತದೆ ಅನ್ನಲಾರೆ. ಆದರೆ ಆದಾಗ ಬೈಸಿಕೊಳ್ಳುವುದು ಮಾತ್ರ ಕಲಾವಿದರು.

ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲೇ ಕಟ್ಟಡದ ಖರ್ಚಿನ ಶೇ. 1ರಷ್ಟನ್ನು ಕಲೆಗೆ ಎತ್ತಿಡುವ ನಿಯಮ ತಂದಿತು. ದುಡ್ಡಿಟ್ಟ ಮಾತ್ರಕ್ಕೆ ಒಳ್ಳೆಯ ಕಲೆ ಬರುವುದಿಲ್ಲ, ನಿಜ. ಆದರೂ ಕಲಾವಿದರನ್ನು ಬೇಗ ಕರೆಯಲು ಒಂದು ನೆಪವಾದರೂ ಸಿಗುತ್ತದೆ.

ಹಿಂದೊಮ್ಮೆ ಒಬ್ಬ ಕಲಾವಿದೆ ನದಿ ದಾಟಿ ಬಂದು ನೆಲೆಸಿದ ಜನರ ಕಥೆಯನ್ನು ಎರಡು ತಿಂಗಳು ಅಟ್ಟಣಿಗೆ ಮೇಲೆ ಕೂತು ಗೋಡೆಯಲ್ಲಿ ಚಿತ್ರಿಸಿದರು. ಅಂಬಿಗನ ಮುಖಕ್ಕೇ ಒಂದು ವಾರ ಹಿಡಿಯಿತು. ವರ್ಷ ತುಂಬುವ ಮೊದಲೇ ಆ ಮುಖದ ಮೇಲೆ ಎಸಿಯ ಹೊರಗಿನ ಡಬ್ಬ ಬಂದು ಕೂತಿತ್ತು. ಸಿಟ್ಟಿನಿಂದ ಮೆಕ್ಯಾನಿಕ್‌ನನ್ನು ಕರೆಸಿದೆ. ಅವನು ಸುಮ್ನೆ ಮಡಚಿದ ಹಾಳೆ ಬಿಡಿಸಿ ತೋರಿಸಿದ. "ನೋಡಿ ಸಾರ್, ಡ್ರಾಯಿಂಗ್‌ನಲ್ಲಿ ಇಲ್ಲಿ ಬರೀ ಗೋಡೆ ಅಂತಿದೆ."

ಡ್ರಾಯಿಂಗ್ ನನ್ನದೇ.