‘ಆ ಔಷಧಿ ಯಾಕೆ ಕೊಟ್ಟಿರಿ?’: ಅಮೆರಿಕದಲ್ಲಿ ನರ್ಸ್ ಅನಸ್ತೇಷಿಯಾ ಓದಲು ಹೊರಟವರಿಗೆ

ಅಮೆರಿಕದಲ್ಲಿ ಅರಿವಳಿಕೆ (ಅನಸ್ತೇಷಿಯಾ) ಕೊಡುವ ನರ್ಸ್ ಆಗುವ ಕೋರ್ಸಿಗೆ ಮೊದಲ ಸಲ ಇಂಟರ್‌ವ್ಯೂಗೆ ಹೋದಾಗ ಮೇಜಿನ ಆಚೆ ಐದು ಜನ ಕೂತಿದ್ದರು. ಎರಡನೇ ಪ್ರಶ್ನೆಯೇ ಇದು: "ಸೆಪ್ಟಿಕ್ ಶಾಕ್ ಪೇಷಂಟಿಗೆ ನಾರ್‌ಎಪಿನೆಫ್ರಿನ್ ಹಾಕಿದೆ ಅಂದಿರಿ. ಫಿನೈಲೆಫ್ರಿನ್ ಯಾಕೆ ಹಾಕಲಿಲ್ಲ?" ನಾನು ತಡವರಿಸದೆ ಹೇಳಿದೆ, "ನಮ್ಮ ಯೂನಿಟ್ಟಿನ ಪ್ರೋಟೋಕಾಲ್ ಹಾಗಿದೆ." ಒಬ್ಬರು ತಲೆಯಾಡಿಸಿ ಏನೋ ಬರೆದುಕೊಂಡರು. ಎರಡು ವಾರಕ್ಕೆ ಸೀಟಿಲ್ಲ ಅಂತ ಮೇಲ್ ಬಂತು.

ಪ್ರೋಟೋಕಾಲ್ ನಿಜವಾಗಿಯೂ ಹಾಗೇ ಇತ್ತು. ಆದರೆ ಅವರು ಕೇಳಿದ್ದು ಅದನ್ನಲ್ಲ. ಎರಡೂ ಬಿಪಿ ಏರಿಸುವ ಔಷಧಿಗಳೇ. ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿನಿಂದ ಇಡೀ ದೇಹ ಏರುಪೇರಾದಾಗ, ರಕ್ತನಾಳಗಳು ಸಡಿಲಾಗಿರುತ್ತವೆ. ಫಿನೈಲೆಫ್ರಿನ್ ಆಲ್ಫಾ ರಿಸೆಪ್ಟರ್ ಮೇಲೆ ಮಾತ್ರ ಕೆಲಸ ಮಾಡುತ್ತದೆ. ನಾಳ ಬಿಗಿಯಾಗಿ ಬಿಪಿ ಏರುತ್ತದೆ, ಆದರೆ ಹಾರ್ಟ್ ರೇಟ್ ಇಳಿಯಬಹುದು, ಹೃದಯ ಹೊರಗೆ ತಳ್ಳುವ ರಕ್ತವೂ ಕಡಿಮೆಯಾಗಬಹುದು. ನಾರ್‌ಎಪಿನೆಫ್ರಿನ್ ಆಲ್ಫಾ ಜೊತೆಗೆ ಬೀಟಾ-1 ಮೇಲೂ ಕೆಲಸ ಮಾಡುವುದರಿಂದ ಹೃದಯಕ್ಕೂ ಸ್ವಲ್ಪ ಬಲ ಸಿಗುತ್ತದೆ. ಇಷ್ಟು ಹೇಳಿದ್ದರೆ ಸಾಕಿತ್ತು. ಇದೆಲ್ಲ ನನಗೆ ಗೊತ್ತೂ ಇತ್ತು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದುವಾಗ ಫಾರ್ಮಕಾಲಜಿ ಪರೀಕ್ಷೆಯಲ್ಲಿ ಬರೆದಿದ್ದೆ. ಬೆಡ್ ಪಕ್ಕ ನಿಂತು ಪಂಪ್ ಒತ್ತುವಾಗ ಅದನ್ನು ನೆನೆಯುವ ಅಭ್ಯಾಸ ಮಾತ್ರ ಇರಲಿಲ್ಲ.

ಮರುವರ್ಷ ಸೀಟು ಸಿಕ್ಕಿತು. ಈಗ ಸಿಆರ್‌ಎನ್‌ಎ, ಅಂದರೆ ಅರಿವಳಿಕೆ ಕೊಡುವ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿಗೆ ಬಂದಿರುವ ಕನ್ನಡದ ನರ್ಸ್‌ಗಳು ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಮೊದಲು ಕೇಳುವುದು ಜಿಪಿಎ (ಅಂಕಗಳ ಸರಾಸರಿ) ಎಷ್ಟಿರಬೇಕು, ಎಷ್ಟು ವರ್ಷ ಐಸಿಯು ಆಗಿರಬೇಕು ಅಂತ. ಅದನ್ನೂ ಹೇಳುತ್ತೇನೆ. ಆದರೆ ಅರ್ಜಿ ನಿಲ್ಲುವುದೋ ಬೀಳುವುದೋ ಆ "ಯಾಕೆ" ಮೇಲೆ.

ಊರಿನವರಿಗೆ ಈ ಕೆಲಸದ ಪರಿಚಯ ಕಡಿಮೆ. ನಮ್ಮ ದೇಶದಲ್ಲಿ ಆಪರೇಷನ್‌ಗೆ ಅರಿವಳಿಕೆ ಕೊಡುವುದು ಡಾಕ್ಟರ್. ಅಮೆರಿಕದಲ್ಲಿ ಡಾಕ್ಟರ್ ಜೊತೆಗೆ, ಹಲವು ಕಡೆ ಒಬ್ಬರೇ, ನರ್ಸ್‌ಗಳೂ ಕೊಡುತ್ತಾರೆ. ಇದು ಹೊಸದೇನಲ್ಲ. ಮೇಯೋ ಕ್ಲಿನಿಕ್ ಇರುವ ರೋಚೆಸ್ಟರ್‌ನಲ್ಲಿ ಆಲಿಸ್ ಮೆಗಾ ಎಂಬ ನರ್ಸ್ ಇದ್ದರು. 14,000ಕ್ಕೂ ಹೆಚ್ಚು ಪೇಷಂಟ್‌ಗಳಿಗೆ ಕೊಟ್ಟ ಅರಿವಳಿಕೆಯ ಲೆಕ್ಕವನ್ನು 1906ರಲ್ಲಿ ಅವರು ಪ್ರಕಟಿಸಿದರು. ಅರಿವಳಿಕೆಯಿಂದಲೇ ಆದ ಸಾವು ಅದರಲ್ಲಿ ಒಂದೂ ಇರಲಿಲ್ಲ. ಮಾನಿಟರ್ ಇಲ್ಲದ ಕಾಲ ಅದು. ಪೇಷಂಟಿನ ಉಸಿರು, ಬಣ್ಣ, ಕಣ್ಣಿನ ಪಾಪೆ ನೋಡಿಕೊಂಡೇ ಈಥರ್ ಹನಿ ಹಾಕುತ್ತಿದ್ದರು. ಅವರ ಬಗ್ಗೆ ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಕರ್ನಾಟಕದಲ್ಲಿ ಬಿಎಸ್ಸಿ ಅನಸ್ತೇಷಿಯಾ ಟೆಕ್ನಾಲಜಿ ಮಾಡಿದ ಹುಡುಗರು "ನಾವು ನೇರ ಸೇರಬಹುದಲ್ವಾ ಮೇಡಂ?" ಅಂತ ಕೇಳುತ್ತಾರೆ. ಆಗುವುದಿಲ್ಲ. ಇದಕ್ಕೆ ಮೊದಲು ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಿರಲೇಬೇಕು. ಅಂದರೆ ನರ್ಸಿಂಗ್ ಓದಿ, ಇಲ್ಲಿನ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಿರಬೇಕು. ಅನಸ್ತೇಷಿಯಾಲಜಿಸ್ಟ್ ಅಸಿಸ್ಟೆಂಟ್ ಅಂತ ಬೇರೆ ಕೋರ್ಸ್ ಇದೆ. ಅದರ ದಾರಿಯೇ ಬೇರೆ, ಕೆಲವು ರಾಜ್ಯಗಳಲ್ಲಿ ಮಾತ್ರ ನಡೆಯುತ್ತದೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದವರು ಬೇಜಾರಾಗಬೇಡಿ. ಇಲ್ಲಿ ಕೆಲಸ ಮಾಡುತ್ತಲೇ ಬಿಎಸ್‌ಎನ್ (ನರ್ಸಿಂಗ್ ಪದವಿ) ಮುಗಿಸಿಕೊಂಡು ಬರಬಹುದು.

ನಿಯಮದ ಪ್ರಕಾರ ಕನಿಷ್ಠ ಒಂದು ವರ್ಷ ಫುಲ್ ಟೈಮ್ ಐಸಿಯು ಅನುಭವ ಬೇಕು. ಆದರೆ ಸೀಟು ಸಿಕ್ಕವರಲ್ಲಿ ಎರಡು, ಮೂರು ವರ್ಷ ಮಾಡಿದವರೇ ಜಾಸ್ತಿ. ಊರಿನ ಐಸಿಯು ಅನುಭವವನ್ನು ಎಲ್ಲ ಕಡೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅರ್ಜಿ ಫೀಸು ಕಟ್ಟುವ ಮೊದಲೇ ಒಂದು ಮೇಲ್ ಹಾಕಿ ಕೇಳಿ. ಐಸಿಯು ನರ್ಸ್‌ಗಳಿಗಾಗಿ ಇರುವ ಸಿಸಿಆರ್‌ಎನ್ ಪರೀಕ್ಷೆ ಕೆಲವು ಕಡೆ ಕಡ್ಡಾಯ. ಕಡ್ಡಾಯ ಇಲ್ಲದ ಕಡೆಯೂ ಮಾಡಿಕೊಳ್ಳಿ, ಅದಕ್ಕೆ ಓದುವಾಗಲೇ ಅರ್ಧ ಇಂಟರ್‌ವ್ಯೂಗೆ ತಯಾರಾಗುತ್ತೀರಿ. 2022ರಿಂದ ಸೇರುವವರೆಲ್ಲ ಡಾಕ್ಟರೇಟ್ ಕೋರ್ಸಿಗೇ ಸೇರಬೇಕು. ಕನಿಷ್ಠ 36 ತಿಂಗಳು.

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ.

ಕಳೆದ ವರ್ಷ ಹಾಸನ ಕಡೆಯ ಒಬ್ಬಳು ಹುಡುಗಿ ತನ್ನ ಪ್ರಬಂಧ ಕಳಿಸಿದ್ದಳು, ಅರ್ಜಿ ಜೊತೆ ಇಡುವಂಥದ್ದು. ಹಾರ್ಟ್ ಸರ್ಜರಿ ಐಸಿಯುನಲ್ಲಿ ಮೂರು ವರ್ಷ ಮಾಡಿದ್ದಳು. ಮೊದಲ ಪುಟ ಪೂರ್ತಿ ಸೇವೆ, ಕರುಣೆ, ಚಿಕ್ಕಂದಿನ ಕನಸು. ಕೊನೆಗೆ ಎರಡೇ ಸಾಲು: ಒಂದು ರಾತ್ರಿ ಬೈಪಾಸ್ ಆದ ಪೇಷಂಟಿನ ಬಿಪಿ ಬಿತ್ತು, ಡಾಕ್ಟರಿಗೆ ತಿಳಿಸಿದೆ, ಪೇಷಂಟ್ ಬದುಕಿದರು.

ಫೋನ್ ಮಾಡಿ ಕೇಳಿದೆ. "ತಿಳಿಸಿದೆ ಅಂದ್ರೆ ಏನು? ಏನು ನೋಡಿ ತಿಳಿಸಿದೆ?"

"ಏನಿಲ್ಲ ಅಕ್ಕಾ, ಸುಮ್ನೆ ಡೌಟ್ ಬಂತು."

ಡೌಟ್ ಸುಮ್ನೆ ಬರುವುದಿಲ್ಲ. ಬಿಡಿಸಿ ಬಿಡಿಸಿ ಕೇಳಿದೆ. ಎದೆಯೊಳಗಿನ ರಕ್ತ ಹೊರಗೆ ಹರಿಸುವ ಚೆಸ್ಟ್ ಟ್ಯೂಬಿನಲ್ಲಿ ಗಂಟೆಗೆ 100 ಎಂಎಲ್ ಬರುತ್ತಿದ್ದದ್ದು ರಾತ್ರಿ ಮೂರರ ಹೊತ್ತಿಗೆ ಒಮ್ಮೆಲೇ 10ಕ್ಕೆ ಇಳಿದಿತ್ತು. ಜೊತೆಗಿದ್ದ ನರ್ಸ್ "ಬ್ಲೀಡಿಂಗ್ ನಿಂತಿತು, ಒಳ್ಳೆಯದೇ ಆಯ್ತು" ಅಂದಿದ್ದರು. ಇವಳು ಸಿವಿಪಿ, ಅಂದರೆ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳದೊಳಗಿನ ಒತ್ತಡ ನೋಡಿದಳು. 8 ಇದ್ದದ್ದು 17 ಆಗಿತ್ತು. ನಾರ್‌ಎಪಿನೆಫ್ರಿನ್ ಏರಿಸಿದಷ್ಟೂ ಬಿಪಿ ನಿಲ್ಲುತ್ತಿರಲಿಲ್ಲ. ಟ್ಯೂಬ್ ಒಳಗೆ ರಕ್ತ ಹೆಪ್ಪುಗಟ್ಟಿದೆ, ಹೊರಗೆ ಬರಬೇಕಾದದ್ದು ಹೃದಯದ ಸುತ್ತ ತುಂಬುತ್ತಿದೆ, ಅಂದರೆ ಟ್ಯಾಂಪೊನೇಡ್ ಅಂತ ಅವಳಿಗೆ ಅನ್ನಿಸಿತು. ಸರ್ಜನ್‌ಗೆ ಫೋನ್ ಮಾಡಿ ಅದೇ ಪದ ಹೇಳಿದಳು. ಎಕೋ ಮೆಷಿನ್ ತರಿಸಿದಳು, ರಕ್ತ ರೆಡಿ ಇಡಿಸಿದಳು, ಆಪರೇಷನ್ ಥಿಯೇಟರಿಗೆ ಮುಂಚೆಯೇ ಸುದ್ದಿ ಕೊಟ್ಟಳು. ಇಷ್ಟನ್ನೆಲ್ಲ ಮಾಡಿದವಳು ಬರೆದದ್ದು "ಡಾಕ್ಟರಿಗೆ ತಿಳಿಸಿದೆ".

ಇದು ಅವಳೊಬ್ಬಳ ಕಥೆಯಲ್ಲ. ನಾವು ಕಲಿತ ರೀತಿಯೇ ಅದು. ಊರಿನ ವಾರ್ಡುಗಳಲ್ಲಿ "ನಾನು ಹೀಗೆ ಯೋಚಿಸಿದೆ" ಅಂದರೆ ಜಂಬ ಅನ್ನಿಸಿಕೊಳ್ಳುತ್ತದೆ. ಸೀನಿಯರ್ ಸಿಸ್ಟರ್ ಗದರುತ್ತಾರೆ. ಹಾಗಾಗಿ ತಲೆಯಲ್ಲಿ ಎಷ್ಟೇ ಓಡಿದರೂ ಬಾಯಲ್ಲಿ ಬರುವುದು "ಸರ್ ಹೇಳಿದ್ರು, ಮಾಡಿದೆ". ಸೀಟು ಕೊಡುವವರು ಹುಡುಕುವುದು ನಾವು ಮುಚ್ಚಿಡುವ ಆ ಭಾಗವನ್ನೇ. ಯಾಕೆಂದರೆ ನಾಳೆ ಆಪರೇಷನ್ ನಡೆಯುವಾಗ ಪರದೆಯ ಈಚೆ ಪೇಷಂಟಿನ ತಲೆಯ ಹತ್ತಿರ ಕೂತಾಗ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಬಿದ್ದರೆ ಯಾರಿಗೂ ಫೋನ್ ಮಾಡುವಷ್ಟು ಹೊತ್ತು ಇರುವುದಿಲ್ಲ. ಉಸಿರಿನ ಟ್ಯೂಬ್ ಜರುಗಿದೆಯಾ, ಕಫ ಕಟ್ಟಿದೆಯಾ, ಶ್ವಾಸನಾಳ ಬಿಗಿದಿದೆಯಾ, ನೀವೇ ಯೋಚಿಸಬೇಕು, ನಿಮ್ಮ ಕೈಯೇ ಓಡಬೇಕು.

ಅವಳಿಗೆ ಮೊದಲ ಪುಟ ಪೂರ್ತಿ ತೆಗೆಯಲು ಹೇಳಿದೆ. ಆ ರಾತ್ರಿಯಿಂದಲೇ ಶುರು ಮಾಡಿದಳು. ಇಂಟರ್‌ವ್ಯೂನಲ್ಲೂ ಅದನ್ನೇ ಹಿಡಿದರು. "ಮತ್ತೆ ಅದೇ ಆದರೆ ಏನು ಬದಲಾಯಿಸುತ್ತೀರಿ?" ಅಂತ ಕೇಳಿದರಂತೆ. "ಸಿವಿಪಿ 12 ದಾಟಿದಾಗಲೇ ಅನುಮಾನ ಬಂದಿತ್ತು. ಖಚಿತ ಆಗಲಿ ಅಂತ ಇಪ್ಪತ್ತು ನಿಮಿಷ ಕಾದೆ. ಈಗಾದರೆ ಕಾಯುವುದಿಲ್ಲ" ಅಂದಳಂತೆ. ಹೊರಗೆ ಬಂದವಳೇ ಕಾರಿನಿಂದ ಫೋನ್ ಮಾಡಿದಳು. "ತಪ್ಪು ಒಪ್ಪಿಕೊಂಡುಬಿಟ್ಟೆ ಅಕ್ಕಾ, ಸೀಟು ಹೋಯ್ತು ಅನ್ಸತ್ತೆ." ನನಗೆ ಹಾಗನ್ನಿಸಲಿಲ್ಲ. ಆ ಉತ್ತರ ಕೊಡುವವರ ಪಕ್ಕದಲ್ಲಿ ನಾನು ಧೈರ್ಯವಾಗಿ ಕೆಲಸ ಮಾಡುತ್ತೇನೆ. ಅವಳೀಗ ಮೊದಲ ವರ್ಷದಲ್ಲಿದ್ದಾಳೆ.

ಇದಕ್ಕೆ ತಯಾರಿ ಅಂದರೆ ನನ್ನ ಪ್ರಕಾರ ಒಂದು ಚಿಕ್ಕ ನೋಟ್‌ಬುಕ್. ಡ್ಯೂಟಿ ಮುಗಿಸಿ ಬಂದ ಮೇಲೆ ಆ ದಿನ ನೀವು ಬದಲಾಯಿಸಿದ ಒಂದು ಡ್ರಿಪ್, ಒಂದು ವೆಂಟಿಲೇಟರ್ ಸೆಟ್ಟಿಂಗ್ ಬಗ್ಗೆ ಯಾಕೆ ಅಂತ ನಾಲ್ಕು ಸಾಲು ಬರೆಯಿರಿ. ಪೇಷಂಟಿನ ಹೆಸರು, ಗುರುತು ಯಾವುದೂ ಬೇಡ. ಕನ್ನಡದಲ್ಲೇ ಬರೆದರೂ ಆಗುತ್ತದೆ, ಆಮೇಲೆ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ನೋಡಿ. ಎರಡನೇ ಸಲ ಅರ್ಜಿ ಹಾಕುವ ಮುಂಚೆ ನಾನು ಎಂಟು ತಿಂಗಳು ಹೀಗೆ ಬರೆದೆ. ಒಬ್ಬ ಸಿಆರ್‌ಎನ್‌ಎ ಜೊತೆ ಕೆಲವು ದಿನ ಥಿಯೇಟರಿನಲ್ಲಿ ನಿಂತು ನೋಡುವುದೂ ಅಷ್ಟೇ ಮುಖ್ಯ. ಅದರಲ್ಲಿ ಗಂಟೆಗಟ್ಟಲೆ ಸುಮ್ಮನೆ ಗಮನಿಸುವ ಕೆಲಸವೇ ಹೆಚ್ಚು. ಅದು ನಿಮಗೆ ಹಿಡಿಸುತ್ತದಾ ಅಂತ ಮೊದಲೇ ಗೊತ್ತಾಗಬೇಕು.

ದುಡ್ಡಿನ ಮಾತು ಕಷ್ಟ, ಆದರೂ ಹೇಳಲೇಬೇಕು. ಫೀಸು ಬಹಳ ಕಡೆ ಒಂದು ಲಕ್ಷ ಡಾಲರ್ ದಾಟುತ್ತದೆ. ಓದುವ ಮೂರು ವರ್ಷ ಸಂಬಳ ಇಲ್ಲ ಅಂತಲೇ ಅಂದುಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಸರ್ಕಾರದ ಸ್ಟೂಡೆಂಟ್ ಲೋನ್ ಸಿಗುತ್ತದೆ, ಎಚ್-1ಬಿ ಮೇಲೆ ಇರುವವರಿಗೆ ಇಲ್ಲ. ಪೂರ್ತಿ ಖರ್ಚಿಗೆ ಆಗುತ್ತಿದ್ದ ಗ್ರಾಡ್ ಪ್ಲಸ್ ಲೋನನ್ನು 2026ರ ಜುಲೈ 1ರಿಂದ ಹೊಸಬರಿಗೆ ಮುಚ್ಚಲಾಗಿದೆ. ಹಾಗಾಗಿ ಐಸಿಯುನಲ್ಲಿ ದುಡಿಯುವಾಗಲೇ ಉಳಿಸಬೇಕು. ಏಜೆನ್ಸಿ ಮೂಲಕ ಬಂದವರು ನಿಮ್ಮ ಬಾಂಡ್ ಯಾವಾಗ ಮುಗಿಯುತ್ತದೆ ಅಂತ ತೆಗೆದು ಓದಿ. ಸೀಟು ಸಿಕ್ಕಿ, ಬಾಂಡ್ ಮುಗಿಯದೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ಕೊನೆಯದಾಗಿ ಟ್ರಾನ್ಸ್‌ಕ್ರಿಪ್ಟ್, ಅಂದರೆ ವಿಶ್ವವಿದ್ಯಾಲಯ ಕೊಡುವ ಅಂಕಗಳ ಅಧಿಕೃತ ದಾಖಲೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಓದಿದವರು ಇದನ್ನು ಅರ್ಜಿ ವರ್ಷಕ್ಕೆ ಬಿಡಬೇಡಿ, ಒಂದು ವರ್ಷ ಮೊದಲೇ ಶುರು ಮಾಡಿ. ನನ್ನ ಅಪ್ಪ ಇದಕ್ಕಾಗಿ ಮೂರು ಸಲ ಬಸ್ ಹತ್ತಿ ಬೆಂಗಳೂರಿನ ಜಯನಗರದಲ್ಲಿರುವ ವಿಶ್ವವಿದ್ಯಾಲಯಕ್ಕೆ ಹೋಗಿ ಬಂದರು. ಜೊತೆಗೆ ಕಾಲೇಜಿನಿಂದ ನಿಮ್ಮ ಬ್ಯಾಚಿನ ಸಿಲಬಸ್ ಪ್ರತಿಯನ್ನೂ ಸೀಲ್ ಹಾಕಿಸಿ ತರಿಸಿಕೊಳ್ಳಿ. ನಮ್ಮ ಬಿಎಸ್ಸಿಯಲ್ಲಿ ಬಯೋಕೆಮಿಸ್ಟ್ರಿ ಇರುತ್ತದೆ, ಕೆಮಿಸ್ಟ್ರಿ ಅಂತ ಬೇರೆ ವಿಷಯ ಇರುವುದಿಲ್ಲ. ಎಷ್ಟು ಗಂಟೆ ಓದಿದ್ದೀರಿ, ಲ್ಯಾಬ್ ಎಷ್ಟು ಅಂತ ಇಲ್ಲಿ ಕೇಳುತ್ತಾರೆ. ಒಪ್ಪದಿದ್ದರೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಕೆಮಿಸ್ಟ್ರಿ, ಒಂದು ಸ್ಟ್ಯಾಟಿಸ್ಟಿಕ್ಸ್ ಮಾಡಿಕೊಳ್ಳಿ. ಅದರಲ್ಲಿ ಎ ಗ್ರೇಡ್ ಬಂದರೆ ಹಳೇ ಅಂಕಪಟ್ಟಿಯಲ್ಲಿ 58 ಇದ್ದರೂ ನಿಮ್ಮ ಪರ ಮಾತಾಡಲು ಒಂದು ಕಾಗದ ಇರುತ್ತದೆ.