ಕಾಡುಹಾದಿಗೆ ಇಳಿಯುವ ಮುನ್ನ ಗಾಡಿಯ ಅಡಿಗೆ ಇಳಿಯಿರಿ

ಆಫ್‌ರೋಡ್ ಚಾಲನೆಯ ತರಬೇತಿಗೆ ಬರುವವರ ವಾಹನಗಳನ್ನು ಹೊರಡುವ ಹಿಂದಿನ ದಿನ ಪರೀಕ್ಷಿಸುವುದು ಹಲವು ವರ್ಷಗಳಿಂದ ನನ್ನ ಕೆಲಸ. ಬಂದವರಲ್ಲಿ ಬಹುಪಾಲು ಮಂದಿ ಮೊದಲು ತೋರಿಸುವುದು ಹೊಸದಾಗಿ ಹಾಕಿಸಿದ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ಚಾವಣಿಯ ಮೇಲಿನ ಕ್ಯಾರಿಯರ್ ಮತ್ತು ದೀಪಗಳ ಸಾಲನ್ನು. ನಾನು ಮೊದಲು ಕೇಳುವುದು ಬೇರೆಯೇ ಪ್ರಶ್ನೆ: ನಿಮ್ಮ ಗಾಡಿಯ ಅಡಿಯಲ್ಲಿ ನೆಲಕ್ಕೆ ಅತ್ಯಂತ ಹತ್ತಿರವಿರುವ ಭಾಗ ಯಾವುದು, ಅದು ನಡುವಿನಲ್ಲಿದೆಯೋ, ಎಡಕ್ಕಿದೆಯೋ, ಬಲಕ್ಕಿದೆಯೋ? ತಟ್ಟನೆ ಉತ್ತರಿಸುವವರು ಕಡಿಮೆ. ಆದರೆ ಹಾದಿಯಲ್ಲಿ ಎದುರಾಗುವ ಪ್ರತಿಯೊಂದು ಕಲ್ಲೂ ಕೇಳುವುದು ಇದೇ ಪ್ರಶ್ನೆಯನ್ನು. ಎಡಬಲ ಚಕ್ರಗಳನ್ನು ಜೋಡಿಸುವ ಇಡಿಯಾದ ಆಕ್ಸಲ್ ಇರುವ ಗಾಡಿಯಲ್ಲಿ, ಆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಹಲ್ಲುಚಕ್ರಗಳ ಜೋಡಣೆಯಾದ ಡಿಫರೆನ್ಷಿಯಲ್‌ನ ಉಬ್ಬು ಸಾಮಾನ್ಯವಾಗಿ ಅತ್ಯಂತ ತಗ್ಗಿನ ಭಾಗವಾಗಿದ್ದು, ಅದು ಚಕ್ರಗಳ ಜೊತೆಗೇ ಏರಿಳಿಯುತ್ತದೆ. ಆದ್ದರಿಂದ ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟು ದಾಟಲು ಹೋದರೆ ಉಬ್ಬು ಅದಕ್ಕೆ ಬಡಿಯುತ್ತದೆ. ಅದೇ ಕಲ್ಲಿನ ಮೇಲೆ ಒಂದು ಚಕ್ರವನ್ನು ಹತ್ತಿಸಿದರೆ ಆಕ್ಸಲ್ ಸಮೇತ ಉಬ್ಬೂ ಮೇಲೇಳುತ್ತದೆ. ರಸ್ತೆಯಲ್ಲಿ ಕಲ್ಲನ್ನು ತಪ್ಪಿಸಿ ಅಭ್ಯಾಸವಾದ ಕೈ ಇದನ್ನು ಕಲಿಯಲು ಸಮಯ ತೆಗೆದುಕೊಳ್ಳುತ್ತದೆ, ಗಾಡಿಯ ಅಡಿಯನ್ನು ಒಮ್ಮೆ ಕಣ್ಣಾರೆ ಕಂಡವರು ಬೇಗ ಕಲಿಯುತ್ತಾರೆ.

ಹಾಗಾಗಿ ಸಿದ್ಧತೆ ಶುರುವಾಗಬೇಕಾದದ್ದು ಒಂದು ಹಳೆಯ ಚಾಪೆ ಮತ್ತು ಒಂದು ಟಾರ್ಚ್‌ನಿಂದ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ತಣ್ಣಗಾದ ಮೇಲೆ ಕೆಳಗೆ ಮಲಗಿರಿ. ಬರೀ ಜಾಕ್ ಮೇಲೆ ನಿಂತಿರುವ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬಾರದು. ಚಕ್ರಗಳನ್ನು ತಿರುಗಿಸುವ ಸರಳಾದ ಟೈ ರಾಡ್ ಹಿಡಿದು ಅಲುಗಾಡಿಸಿ ನೋಡಿ, ಚಕ್ರದ ಬಳಿಯ ಕೀಲಾದ ಬಾಲ್ ಜಾಯಿಂಟ್‌ನ ರಬ್ಬರ್ ಹರಿದಿದೆಯೇ ಗಮನಿಸಿ, ಶಾಕ್ ಅಬ್ಸಾರ್ಬರ್‌ನ ಮೈಯಲ್ಲಿ ಎಣ್ಣೆಯ ಜಿಡ್ಡು ಇದೆಯೇ ಎಂದು ಬೆರಳಿನಿಂದ ಸವರಿ ನೋಡಿ. ಚಕ್ರದ ನಟ್ಟಿನ ಬುಡದಿಂದ ತುಕ್ಕಿನ ಬಣ್ಣದ ಗೆರೆಗಳು ಹೊರಟಿದ್ದರೆ ಆ ನಟ್ಟು ಸಡಿಲವಾಗಿರುವ ಸಾಧ್ಯತೆ ಇದೆ. ಮಣ್ಣು ಮೆತ್ತಿದ ಅಡಿಭಾಗದಲ್ಲಿ ಎಲ್ಲಿಯಾದರೂ ಒಂದು ಜಾಗ ಮಾತ್ರ ಉಜ್ಜಿದಂತೆ ಹೊಳೆಯುತ್ತಿದ್ದರೆ, ಅಲ್ಲಿ ಯಾವುದೋ ಎರಡು ಭಾಗಗಳು ಒಂದಕ್ಕೊಂದು ತಾಗುತ್ತಿವೆ ಎಂದರ್ಥ.

ಆ ಹೊಳಪಿನ ಬೆಲೆ ನನಗೆ ತಿಳಿದದ್ದು ನನ್ನದೇ ಗಾಡಿಯಿಂದ. ಮೂಲ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದ ಎರಡು ವಾರಗಳ ನಂತರ, ಹೊರಡುವ ಹಿಂದಿನ ಸಂಜೆ ಮುಂಚಕ್ರದ ಹಿಂದೆ ಟಾರ್ಚ್ ಬಿಟ್ಟಾಗ, ಬ್ರೇಕ್‌ನ ರಬ್ಬರ್ ಪೈಪಿನ ಮೇಲೆ ಹೆಬ್ಬೆರಳಿನಷ್ಟು ಉದ್ದದ ನುಣುಪು ಗೆರೆಯೊಂದು ಕಂಡಿತು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರ್‌ನ ಅಂಚು ಅಲ್ಲಿಗೆ ತಾಗುತ್ತಿತ್ತು. ಪೈಪಿನ ಹೊರಪದರ ಸವೆದು ಒಳಗಿನ ನೂಲು ಇಣುಕುತ್ತಿತ್ತು. ಟೈರ್ ಹಾಕಿದ ಅಂಗಡಿಯವರು ಸ್ಟಿಯರಿಂಗ್ ನೇರವಾಗಿಟ್ಟೇ ಎಲ್ಲ ಸರಿಯಿದೆ ಎಂದಿದ್ದರು; ನಾನೂ ಒಪ್ಪಿ ಹೊರಟು ಬಂದಿದ್ದೆ. ಅಂದಿನಿಂದ ಗಾಡಿಯಲ್ಲಿ ಏನನ್ನು ಬದಲಾಯಿಸಿದರೂ ಸ್ಟಿಯರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ ಸಸ್ಪೆನ್ಷನ್ ಒತ್ತಿಹೋದ ಸ್ಥಿತಿಯಲ್ಲಿಯೂ ಪರೀಕ್ಷಿಸುತ್ತೇನೆ. ಹೊಸ ಭಾಗ ಹಾಕಿಸಿದ ಮಾರನೆಯ ದಿನವೇ ದುರ್ಗಮ ಹಾದಿಗೆ ಹೋಗಬೇಡಿ, ಮೊದಲು ಸಾಮಾನ್ಯ ರಸ್ತೆಯಲ್ಲಿ ಕೆಲವು ದಿನ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ ಎಂದು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ಗಾಡಿಯ ಅಡಿಯನ್ನು ಅರಿತ ಮೇಲೆ ಅದರ ಅಳತೆಗಳನ್ನು ಅರಿಯಬೇಕು. ಗ್ರೌಂಡ್ ಕ್ಲಿಯರೆನ್ಸ್ ಒಂದನ್ನೇ ನೋಡಿ ಗಾಡಿಯ ಸಾಮರ್ಥ್ಯವನ್ನು ಅಳೆಯುವುದು ಸಾಲದು. ಎದುರಿನ ದಿಣ್ಣೆಗೆ ಬಂಪರ್ ತಾಗದಂತೆ ಏರಬಲ್ಲ ಕೋನ, ದಿಣ್ಣೆಯ ನೆತ್ತಿಯಲ್ಲಿ ಹೊಟ್ಟೆ ತಾಗದಂತೆ ದಾಟಬಲ್ಲ ಕೋನ, ಇಳಿಯುವಾಗ ಹಿಂಬದಿ ತಾಗದಂತೆ ಹೊರಬರಬಲ್ಲ ಕೋನ, ಈ ಮೂರೂ ಸೇರಿ ಗಾಡಿಯ ಮಿತಿಯನ್ನು ನಿರ್ಧರಿಸುತ್ತವೆ. ಸುಝುಕಿ ಜಿಮ್ನಿಯ ಮೂರು ಬಾಗಿಲಿನ ಮಾದರಿಯಲ್ಲಿ ಎರಡು ಆಕ್ಸಲ್‌ಗಳ ನಡುವಿನ ಅಂತರ 2250 ಮಿಲಿಮೀಟರ್, ಐದು ಬಾಗಿಲಿನದರಲ್ಲಿ 2590. ನೆಲದಿಂದ ಎತ್ತರ ಎರಡರಲ್ಲೂ 210 ಮಿಲಿಮೀಟರ್. ಆದರೂ ದಿಣ್ಣೆಯ ನೆತ್ತಿಯನ್ನು ದಾಟುವ ಕೋನ ಮೊದಲನೆಯದರಲ್ಲಿ 28 ಡಿಗ್ರಿ ಇದ್ದದ್ದು ಎರಡನೆಯದರಲ್ಲಿ 24 ಡಿಗ್ರಿಗೆ ಇಳಿದಿದೆ. ಮುಂದಿನ ಗಾಡಿ ಸಲೀಸಾಗಿ ದಾಟಿದ ದಿಣ್ಣೆಯಲ್ಲಿ ನಿಮ್ಮ ಗಾಡಿ ಹೊಟ್ಟೆ ಊರಿ ಕುಳಿತುಬಿಡಲು ಇಷ್ಟು ವ್ಯತ್ಯಾಸ ಸಾಕು.

ಟೈರ್‌ನ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಚಿಕ್ಕಾಸೂ ಖರ್ಚಿಲ್ಲದೆ ಗಾಡಿಯ ಗುಣವನ್ನೇ ಬದಲಿಸಬಲ್ಲ ಕೆಲಸವೆಂದರೆ ಗಾಳಿ ಇಳಿಸುವುದು. ಡಾಂಬರು ರಸ್ತೆಗೆಂದು 33 ಪಿಎಸ್‌ಐ ತುಂಬಿಸಿದ ಟೈರ್ ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ. ಅದನ್ನು 22ರಿಂದ 25ರ ಆಸುಪಾಸಿಗೆ ಇಳಿಸಿದಾಗ ಟೈರ್ ಕಲ್ಲಿನ ಮೂಲೆಗೆ ತಕ್ಕಂತೆ ಬಾಗಿ ಅದನ್ನು ಹಿಡಿದುಕೊಳ್ಳುತ್ತದೆ, ಮೊನಚಿಗೆ ತೂತಾಗುವ ಸಂಭವವೂ ಕಡಿಮೆಯಾಗುತ್ತದೆ. ಸಡಿಲ ಮರಳಿನಲ್ಲಿ 15ರಿಂದ 18ರವರೆಗೂ ಇಳಿಸುವುದುಂಟು. ಆಗ ಟೈರ್ ಅಗಲವಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ನಿಜದಲ್ಲಿ ನೆಲಕ್ಕೆ ತಾಗುವ ಭಾಗ ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಬೆಳೆಯುತ್ತದೆ, ಗಾಡಿಯ ಭಾರ ಹೆಚ್ಚು ಜಾಗದ ಮೇಲೆ ಹಂಚಿಹೋಗಿ ಚಕ್ರ ಹೂತುಕೊಳ್ಳುವುದು ತಪ್ಪುತ್ತದೆ. ಈ ಅಂಕಿಗಳು ಗಾಡಿಯ ತೂಕ ಮತ್ತು ಟೈರ್‌ನ ರಚನೆಗೆ ತಕ್ಕಂತೆ ಬದಲಾಗುತ್ತವೆ. ಸಾಮಾನ್ಯ ರಿಮ್ ಇರುವವರು 15ಕ್ಕಿಂತ ಕೆಳಗೆ ಹೋದರೆ ಜೋರಾದ ತಿರುವಿನಲ್ಲಿ ಟೈರ್ ರಿಮ್‌ನಿಂದ ಕಳಚಿಕೊಳ್ಳಬಹುದು. ಗಾಳಿ ಇಳಿದ ಟೈರ್‌ನಲ್ಲಿ ವೇಗವೂ ಇಳಿಯಬೇಕು, ಏಕೆಂದರೆ ಪಕ್ಕಗೋಡೆ ಮತ್ತೆ ಮತ್ತೆ ಮಡಚಿ ಬಿಸಿಯಾಗಿ ಒಡೆಯುವ ಅಪಾಯವಿದೆ. ಆದ್ದರಿಂದ ಗಾಳಿ ಇಳಿಸಲು ಹೊರಟವರ ಬಳಿ ನಂಬಲರ್ಹವಾದ ಗೇಜ್ ಮತ್ತು ಮರಳಿ ತುಂಬಿಸಲು ಕಂಪ್ರೆಸರ್ ಎರಡೂ ಇರಲೇಬೇಕು. ಟೈರ್‌ನ ನೆಲಕ್ಕೆ ತಾಗುವ ಮೈಯಲ್ಲಿ ಆದ ತೂತಿಗೆ ಪ್ಲಗ್ ಹಾಕಿ ಮುಂದುವರಿಯಬಹುದು, ಪಕ್ಕಗೋಡೆ ಸೀಳಿದರೆ ಸ್ಟೆಪ್ನಿಯೇ ಗತಿ. ಆ ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದೇ ಆಗಿದೆಯೇ, ಅದರಲ್ಲಿ ಗಾಳಿ ಇದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಫೋರ್ ವೀಲ್ ಡ್ರೈವ್‌ನ ಲಿವರ್ ಅಥವಾ ಗುಂಡಿಯನ್ನು ಹಾದಿಯ ಮೇಲೆ ಮೊದಲ ಸಲ ಮುಟ್ಟುವವರನ್ನು ನಾನು ಪ್ರತಿ ತಂಡದಲ್ಲೂ ಕಾಣುತ್ತೇನೆ. ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಲೋ ರೇಂಜ್ ಗೇರ್ ಹಾಕಲು ಗಾಡಿ ನಿಂತಿರಬೇಕೋ, ನಿಧಾನವಾಗಿ ಉರುಳುತ್ತಿರಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಕೈಪಿಡಿ ಓದಿ, ಮಣ್ಣಿನ ಖಾಲಿ ಜಾಗದಲ್ಲಿ ಹತ್ತು ಸಲ ಹಾಕಿ ತೆಗೆದು ರೂಢಿ ಮಾಡಿಕೊಳ್ಳಿ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಗಾಡಿಗಳಲ್ಲಿ ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದರೆ ಹಲ್ಲುಚಕ್ರಗಳು ಬಿಗಿದುಕೊಂಡು ಹಾನಿಯಾಗುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ ಎಂಬ ಧೈರ್ಯಕ್ಕೂ ಒಂದು ಮಿತಿಯಿದೆ: ಸಾಧಾರಣ ಡಿಫರೆನ್ಷಿಯಲ್ ಎಡಬಲ ಚಕ್ರಗಳೆರಡಕ್ಕೂ ಸಮನಾದ ತಿರುಚುಬಲವನ್ನೇ ಕೊಡುವುದರಿಂದ, ಒಂದು ಚಕ್ರ ಗಾಳಿಯಲ್ಲಿ ತೇಲಿ ಸುಮ್ಮನೆ ಸುತ್ತತೊಡಗಿದರೆ ನೆಲಕ್ಕಂಟಿದ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಡಿಫರೆನ್ಷಿಯಲ್ ಲಾಕ್ ಅಥವಾ ಎಲೆಕ್ಟ್ರಾನಿಕ್ ಟ್ರ್ಯಾಕ್ಷನ್ ಕಂಟ್ರೋಲ್ ನಿಮ್ಮ ಗಾಡಿಯಲ್ಲಿ ಇದೆಯೇ ಎಂಬುದನ್ನು ತಿಳಿದಿರಿ. ಇಲ್ಲದಿದ್ದರೆ ಚಕ್ರ ಮೇಲೇಳದಂತಹ ದಾರಿಯನ್ನು ಆರಿಸಿಕೊಳ್ಳುವುದೇ ಉಪಾಯ.

ಸಾಮಾನು ಕಡಿಮೆ ಇರಲಿ, ತಗ್ಗಿನಲ್ಲಿ ಇರಲಿ. ನೀರಿನ ಕ್ಯಾನ್, ಉಪಕರಣಗಳ ಪೆಟ್ಟಿಗೆಯಂತಹ ಭಾರದ ವಸ್ತುಗಳು ಎರಡು ಆಕ್ಸಲ್‌ಗಳ ನಡುವೆ, ಗಾಡಿಯೊಳಗಿನ ನೆಲಕ್ಕೆ ಬಿಗಿದು ಕಟ್ಟಿರಬೇಕು. ಚಾವಣಿಯ ಮೇಲಿನ ಭಾರ ಪಕ್ಕಕ್ಕೆ ವಾಲಿದ ಹಾದಿಯಲ್ಲಿ ಗಾಡಿಯನ್ನು ಮಗುಚಲು ಎಳೆಯುತ್ತದೆ.

ಇನ್ನು ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ವಿಷಯ. ನನಗೆ ಅತಿ ಹೆಚ್ಚು ಆತಂಕ ತರುವ ಕ್ಷಣ ಇದೇ. ಟ್ರೈಲರ್ ಜೋಡಿಸಲೆಂದು ಗಾಡಿಯ ಹಿಂದಿರುವ ಲೋಹದ ಉಂಡೆಗೆ (ಟೋ ಬಾಲ್) ಹಗ್ಗ ಸಿಕ್ಕಿಸಿ ಎಳೆಯಬೇಡಿ. ಅದು ಮುರಿದರೆ ಗುಂಡಿನಂತೆ ಹಾರಿಬರುತ್ತದೆ, ಇದರಿಂದ ಪ್ರಾಣಗಳು ಹೋಗಿವೆ. ಸಾಗಣೆಯ ಸಮಯದಲ್ಲಿ ಲಾರಿಯ ಮೇಲೆ ಗಾಡಿಯನ್ನು ಬಿಗಿಯಲೆಂದು ಕೊಟ್ಟಿರುವ ತೆಳು ಕೊಂಡಿಗಳೂ ಈ ಕೆಲಸಕ್ಕಲ್ಲ. ಚಾಸಿಗೆ ಬೋಲ್ಟ್ ಮಾಡಿದ, ಭಾರದ ಮಿತಿ ನಮೂದಾಗಿರುವ ಕೊಂಡಿ ಮುಂದೊಂದು ಹಿಂದೊಂದು ಇರುವುದು, ವಿಂಚ್‌ಗಿಂತ ಮೊದಲು ಆಗಬೇಕಾದ ಕೆಲಸ. ಹಿಗ್ಗುವ ಕೈನೆಟಿಕ್ ಹಗ್ಗದಲ್ಲಿ ಎಳೆಯುವಾಗ ವೇಗ ಎರಡು ಪಟ್ಟಾದರೆ ಎಳೆಯುವ ಗಾಡಿಯ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಿ. ಎರಡು ಹಗ್ಗಗಳನ್ನು ನಡುವೆ ಕಬ್ಬಿಣದ ಶ್ಯಾಕಲ್ (ಯು ಆಕಾರದ ಕೊಂಡಿ) ಹಾಕಿ ಜೋಡಿಸಬೇಡಿ, ಹಗ್ಗ ಬಿಗಿಯುವ ಮೊದಲು ಸುತ್ತಲಿನವರನ್ನು ಹಗ್ಗದ ಉದ್ದಕ್ಕಿಂತ ಒಂದೂವರೆ ಪಟ್ಟು ದೂರಕ್ಕೆ ಕಳುಹಿಸಿ. ವಿಂಚ್ ಕೊಳ್ಳುವವರು ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಸಾಮರ್ಥ್ಯದ್ದನ್ನು ಆರಿಸುವುದು ರೂಢಿ. ಆ ಸಾಮರ್ಥ್ಯವೂ ಡ್ರಮ್ಮಿನ ಮೇಲೆ ಹಗ್ಗದ ಕೊನೆಯ ಒಂದು ಸುತ್ತುಪದರ ಉಳಿದಾಗ ಮಾತ್ರ ಪೂರ್ತಿಯಾಗಿ ಸಿಗುತ್ತದೆ, ಪದರಗಳು ಹೆಚ್ಚಿದಂತೆ ಕುಗ್ಗುತ್ತದೆ. ಇದೆಲ್ಲಕ್ಕೂ ಮೊದಲು ಸಲಿಕೆ ಹಿಡಿಯಿರಿ. ಚಕ್ರದ ಮುಂದಿನ ಮಣ್ಣನ್ನು ಹತ್ತು ನಿಮಿಷ ತೋಡಿ, ಟೈರ್ ಗಾಳಿಯನ್ನು ಇನ್ನೆರಡು ಪಿಎಸ್‌ಐ ಇಳಿಸಿದರೆ ಎಷ್ಟೋ ಗಾಡಿಗಳು ತಾವಾಗಿಯೇ ಹೊರಬರುತ್ತವೆ.

ಚಾಲಕರ ಸಿದ್ಧತೆಗೆ ಬರೋಣ. ಸೀಟನ್ನು ಹತ್ತಿರಕ್ಕೆ ಎಳೆದು, ಬೆನ್ನನ್ನು ನೆಟ್ಟಗೆ ಮಾಡಿ, ಬಾನೆಟ್‌ನ ಎರಡೂ ಮೂಲೆಗಳು ಕಾಣುವಂತೆ ಕುಳಿತುಕೊಳ್ಳಿ. ಹೆಬ್ಬೆರಳುಗಳು ಸ್ಟಿಯರಿಂಗ್‌ನ ಒಳಗೆ ಸುತ್ತಿಕೊಳ್ಳದೆ ಅಂಚಿನ ಮೇಲೆ ಮಲಗಿರಲಿ, ಚಕ್ರ ಕಲ್ಲಿಗೆ ಬಡಿದಾಗ ಸ್ಟಿಯರಿಂಗ್ ರಪ್ಪನೆ ತಿರುಗಿ ಬೆರಳು ಮುರಿಯಬಲ್ಲದು. ಎಷ್ಟೇ ನಿಧಾನವಾಗಿ ಹೋಗುತ್ತಿದ್ದರೂ ಸೀಟ್ ಬೆಲ್ಟ್ ಬೇಕು, ಗಾಡಿ ವಾಲಿದಾಗ ಕೈ ಕಿಟಕಿಯಿಂದ ಹೊರಗೆ ಚಾಚಬಾರದು. ಸಂಶಯವಿರುವ ಜಾಗದಲ್ಲಿ ಇಳಿದು ನಡೆದು ನೋಡಿ. ಮುಂದೆ ನಿಂತು ಕೈಸನ್ನೆಯಿಂದ ದಾರಿ ತೋರಿಸುವವರು ಒಬ್ಬರೇ ಇರಲಿ. ಅವರು ಕಣ್ಣಿಗೆ ಕಾಣದಾದ ಕೂಡಲೇ ಬ್ರೇಕ್ ಒತ್ತಿ ನಿಲ್ಲಿಸಿ.

ಕಡಿದಾದ ಏರಿನಲ್ಲಿ ಎಂಜಿನ್ ನಿಂತುಹೋಗುವುದನ್ನು ನಾನು ಬೇಕೆಂದೇ ಅಭ್ಯಾಸ ಮಾಡಿಸುತ್ತೇನೆ. ಹೊಸಬರ ಕಾಲು ತಾನಾಗಿ ಕ್ಲಚ್ ಒತ್ತುತ್ತದೆ, ಕೈ ಗಾಡಿಯನ್ನು ತಿರುಗಿಸಿಕೊಳ್ಳಲು ನೋಡುತ್ತದೆ, ಎರಡೂ ಅಪಾಯ. ಬ್ರೇಕ್ ಗಟ್ಟಿಯಾಗಿ ಹಿಡಿದು, ರಿವರ್ಸ್ ಗೇರ್ ಹಾಕಿ, ಚಕ್ರಗಳು ನೇರವಾಗಿವೆಯೇ ನೋಡಿಕೊಂಡು, ಎಂಜಿನ್ ಶುರುಮಾಡಿ, ಹತ್ತಿದ ಸಾಲಿನಲ್ಲೇ ಹಿಂದಕ್ಕೆ ಇಳಿಯಬೇಕು. ಇಳಿಜಾರಿನಲ್ಲಿ ಲೋ ರೇಂಜ್‌ನ ಮೊದಲ ಗೇರ್ ಹಾಕಿ ಎಂಜಿನ್ನೇ ಗಾಡಿಯನ್ನು ತಡೆಯಲು ಬಿಡಿ. ಚಕ್ರಗಳು ಸುತ್ತುವುದು ನಿಂತು ಜಾರತೊಡಗಿದರೆ ಬ್ರೇಕ್ ಸಡಿಲಿಸಿ ತುಸುವೇ ಆಕ್ಸಿಲರೇಟರ್ ಕೊಟ್ಟಾಗ ಅವು ಮತ್ತೆ ಉರುಳಿ ಹಿಡಿತ ಸಿಗುತ್ತದೆ. ಅಡ್ಡ ಇಳಿಜಾರಿನಲ್ಲಿ ಗಾಡಿ ಮಗುಚುವಂತೆ ಅನಿಸಿದರೆ ಸ್ಟಿಯರಿಂಗನ್ನು ತಗ್ಗಿನ ಕಡೆಗೆ ತಿರುಗಿಸಬೇಕು. ಮನಸ್ಸು ಇದಕ್ಕೆ ಒಪ್ಪುವುದಿಲ್ಲ, ಆದ್ದರಿಂದಲೇ ಸಣ್ಣ ದಿಣ್ಣೆಗಳಲ್ಲಿ ಮೊದಲೇ ಅಭ್ಯಾಸವಾಗಿರಬೇಕು.

ನೀರಿನ ಮುಂದೆ ಮಾತ್ರ ಧೈರ್ಯ ತೋರಿಸಬೇಡಿ. ಲ್ಯಾಂಡ್ ರೋವರ್ ಡಿಫೆಂಡರ್‌ನ ಈಗಿನ ಮಾದರಿ ಏರ್ ಸಸ್ಪೆನ್ಷನ್ ಎತ್ತರಿಸಿಕೊಂಡು 900 ಮಿಲಿಮೀಟರ್ ಆಳದವರೆಗೆ ಹೋಗಬಲ್ಲದು. ನಿಮ್ಮ ಗಾಡಿಯ ಅಂಕಿ ಇದರ ಅರ್ಧವೇ ಇರಬಹುದು. ಏರ್ ಫಿಲ್ಟರ್‌ಗೆ ಗಾಳಿ ಹೋಗುವ ಬಾಯಿ ಎಲ್ಲಿದೆ ಎಂದು ಬಾನೆಟ್ ತೆಗೆದು ನೋಡಿ. ಸಿಲಿಂಡರ್‌ಗೆ ನೀರು ನುಗ್ಗಿದರೆ, ನೀರು ಗಾಳಿಯಂತೆ ಕುಗ್ಗದ ಕಾರಣ ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡದೆ ಎಳೆಸಿಕೊಳ್ಳಿ. ಹರಿಯುವ ನೀರನ್ನು ನಡೆದು ದಾಟಲಾಗದಿದ್ದರೆ ಗಾಡಿಯಲ್ಲಿಯೂ ದಾಟಬಾರದು.

ಒಂಟಿ ಗಾಡಿಯಲ್ಲಿ ಹೋಗಬೇಡಿ. ಯಾವ ಹಾದಿ, ಎಷ್ಟು ಹೊತ್ತಿಗೆ ಮರಳುವುದು, ಮರಳದಿದ್ದರೆ ಯಾರಿಗೆ ತಿಳಿಸುವುದು ಎಂದು ಮನೆಯವರಿಗೆ ಬರೆದುಕೊಟ್ಟು ಹೊರಡಿ. ಲೋ ರೇಂಜ್‌ನಲ್ಲಿ ಇಂಧನ ರಸ್ತೆಯ ಲೆಕ್ಕಕ್ಕಿಂತ ಬಹಳ ಬೇಗ ಖಾಲಿಯಾಗುತ್ತದೆ. ರಕ್ತಸ್ರಾವ ತಡೆಯುವ ಪಟ್ಟಿಗಳಿರುವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್ ಎರಡೂ ಸಾಮಾನಿನ ಅಡಿಯಲ್ಲಿ ಹೂತುಹೋಗದೆ ಕೈಗೆಟಕುವಲ್ಲಿರಲಿ.

ಮರಳಿ ಬಂದು ಗಾಳಿ ತುಂಬಿಸಿದ ಮೇಲೂ ಕೆಲಸ ಉಳಿದಿರುತ್ತದೆ. ಅಡಿಭಾಗವನ್ನು ತೊಳೆದು, ರಿಮ್‌ನ ಒಳಗೆ ಮೆತ್ತಿದ ಕೆಸರನ್ನು ಕೆರೆದು ತೆಗೆಯಿರಿ, ಅದು ಒಣಗಿ ಒಂದೇ ಕಡೆ ಉಳಿದರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ನೀರಿಗೆ ಇಳಿದಿದ್ದರೆ ಡಿಫರೆನ್ಷಿಯಲ್‌ನ ಎಣ್ಣೆಯನ್ನು ನೋಡಲೇಬೇಕು: ಓಡಿ ಬಿಸಿಯಾದ ಹೌಸಿಂಗ್ ನೀರಿನಲ್ಲಿ ಥಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಹೌಸಿಂಗ್‌ನ ಗಾಳಿಯಾಡುವ ಕಿಂಡಿ) ಅಥವಾ ಸವೆದ ಸೀಲಿನ ಮೂಲಕ ನೀರನ್ನು ಒಳಕ್ಕೆಳೆಯುತ್ತದೆ. ಎಣ್ಣೆ ತುಂಬಿಸುವ ಪ್ಲಗ್ಗನ್ನು ಬಿಚ್ಚಿ, ಕಿರುಬೆರಳ ತುದಿಯನ್ನು ಅದ್ದಿ ಬೆಳಕಿಗೆ ಹಿಡಿಯಿರಿ. ಎಣ್ಣೆ ಜೇನಿನಂತೆ ಪಾರದರ್ಶಕವಾಗಿದ್ದರೆ ಪ್ಲಗ್ ಬಿಗಿಯಿರಿ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಅಂದೇ ಬಸಿದು ಹೊಸ ಎಣ್ಣೆ ಹಾಕಿಸಿ, ಬ್ರೀದರ್‌ನ ಕೊಳವೆಯನ್ನು ಎಂಜಿನ್‌ನ ಎತ್ತರಕ್ಕೆ ಏರಿಸಿಕೊಂಡ ಮೇಲೆಯೇ ಮುಂದಿನ ಪಯಣದ ದಿನ ಗೊತ್ತುಮಾಡಿ.